ಹುಲ್ಲಿನ ಬುಡದಲ್ಲಿ ಕೂತ ಮೀನು

ಪ್ರಶ್ನೆ: ವೆನಿಸ್ ಬಗ್ಗೆ ಒಂದು ವಿಡಿಯೋ ನೋಡುತ್ತಿದ್ದೆ. ಆಳವಿಲ್ಲದ ನೀರಿನಲ್ಲಿ ಒಬ್ಬ ಮೀನುಗಾರ ಬಗ್ಗಿ, ಕೆಸರಿನ ತೂತಿಗೆ ಕೈ ಹಾಕಿ ಒಂದು ಮೀನನ್ನು ಎಳೆದ. ಅದಕ್ಕೆ 'ಗೊ' ಅಂದ. ಸುತ್ತ ಬರೀ ಹುಲ್ಲು. ಸಮುದ್ರದಲ್ಲಿ ಹುಲ್ಲು ಬೆಳೆಯುತ್ತಾ? ಆ ಮೀನು ಯಾವುದು, ಬಿಲದೊಳಗೆ ಏನು ಮಾಡುತ್ತಿರುತ್ತದೆ?

ಉತ್ತರ: ಹೌದು, ಬೆಳೆಯುತ್ತದೆ. ಅದು ಪಾಚಿ ಅಲ್ಲ, ನಿಜವಾದ ಗಿಡ. ಕೆಸರಿನೊಳಗೆ ಬೇರು ಬಿಡುತ್ತದೆ, ನೀರಿನಡಿಯಲ್ಲೇ ಹೂ ಬಿಟ್ಟು ಬೀಜ ಕಟ್ಟುತ್ತದೆ. ಇಂಥ ಹುಲ್ಲುಗಳಲ್ಲಿ ಒಂದು ಜಾತಿಯ ಹೆಸರು ಝೊಸ್ಟೆರಾ. ಮೀನಿನ ಹೆಸರು ಹುಟ್ಟಿದ್ದೂ ಅದರಿಂದಲೇ: ಝೊಸ್ಟೆರಿಸೆಸ್ಸರ್ ಒಫಿಯೊಸೆಫಾಲಸ್. ಮೊದಲ ಪದಕ್ಕೆ 'ಝೊಸ್ಟೆರಾದಲ್ಲಿ ಕೂತವನು' ಅಂತ ಅರ್ಥ, ಎರಡನೆಯದಕ್ಕೆ 'ಹಾವಿನ ತಲೆಯವನು' ಅಂತ. ಪಲ್ಲಾಸ್ ಎಂಬ ನಿಸರ್ಗ ವಿಜ್ಞಾನಿ ಇದನ್ನು ವಿವರಿಸಿದ್ದು 1814ರಲ್ಲಿ ಪ್ರಕಟವಾಯಿತು. ಸುಲಭವಾಗಿ ಹುಲ್ಲು ಗೋಬಿ ಅನ್ನೋಣ (ಗೋಬಿ ಅಂದರೆ ಇಲ್ಲಿ ಹೂಕೋಸಲ್ಲ, ಒಂದು ಬಗೆಯ ಮೀನು).

ಮೆಡಿಟರೇನಿಯನ್ ಮತ್ತು ಕಪ್ಪು ಸಮುದ್ರದ ದಡಗಳಲ್ಲಿ, ಕೆಸರು ತಳದ ಹಿನ್ನೀರುಗಳಲ್ಲಿ ಇದರ ವಾಸ. ತುಂಬ ದೊಡ್ಡದಾದರೆ ಸುಮಾರು 25 ಸೆಂಟಿಮೀಟರ್, ಸಾಮಾನ್ಯವಾಗಿ ಅದಕ್ಕಿಂತ ಚಿಕ್ಕದು. ಹಸಿರು ಬೆರೆತ ಕಂದು ಮೈ, ಅದರ ಮೇಲೆ ಮಸುಕು ಮಚ್ಚೆ, ಬಾಲದ ಬುಡದಲ್ಲಿ ಒಂದು ಕಪ್ಪು ಚುಕ್ಕೆ. ಹೊಟ್ಟೆಯ ಕೆಳಗಿನ ಎರಡು ರೆಕ್ಕೆ ಒಂದಕ್ಕೊಂದು ಕೂಡಿಕೊಂಡು ಬಟ್ಟಲಿನ ಹಾಗಾಗಿವೆ, ಅದನ್ನು ಊರಿ ತಳದಲ್ಲಿ ಕೂರುತ್ತದೆ. ಸಿಗಡಿ, ಹುಳು, ಚಿಕ್ಕ ಮೀನು ಹತ್ತಿರ ಬಂದರೆ ಗಬಕ್ಕನೆ ಬಾಯಿ ಹಾಕುತ್ತದೆ.

ಈಗ ಬಿಲದ ವಿಷಯ. ನನಗೆ ಈ ಮೀನಿನ ಮೇಲೆ ಪ್ರೀತಿ ಹುಟ್ಟಿದ್ದೇ ಇದರಿಂದ. ವಸಂತ ಬಂತು ಅಂದರೆ ದೊಡ್ಡ ಗಂಡು ಹುಲ್ಲಿನ ಬೇರುಗಳ ನಡುವೆ ಕೆಸರು ತೋಡಿ ಮನೆ ಮಾಡುತ್ತದೆ. ಹೆಣ್ಣು ಬಂದು ಮೊಟ್ಟೆ ಅಂಟಿಸುವುದು ನೆಲಕ್ಕಲ್ಲ, ಸೂರಿಗೆ. ಗಂಡು ಅಂಗಾತ ತಿರುಗಿ, ಹೊಟ್ಟೆಯನ್ನು ಸೂರಿಗೆ ಉಜ್ಜಿ, ಲೋಳೆಯ ಗೆರೆ ಎಳೆಯುತ್ತದೆ. ಆ ಲೋಳೆಯೊಳಗೆ ವೀರ್ಯಾಣುಗಳಿವೆ. ಲೋಳೆ ನಿಧಾನಕ್ಕೆ ಕರಗಿದ ಹಾಗೆಲ್ಲ ಅವು ಗಂಟೆಗಟ್ಟಲೆ ನೀರಿಗೆ ಬಿಡುಗಡೆಯಾಗುತ್ತಾ ಇರುತ್ತವೆ. ಅಷ್ಟು ಹೊತ್ತು ಹೆಣ್ಣಿನ ಪಕ್ಕದಲ್ಲೇ ಇರಬೇಕಾಗಿಲ್ಲ, ಬಾಗಿಲು ಕಾಯಬಹುದು ನೋಡಿ!

ಬಾಗಿಲು ಯಾಕೆ ಕಾಯಬೇಕು ಅಂದರೆ, ಹೊರಗೆ ಕಳ್ಳರಿದ್ದಾರೆ. ಇನ್ನೂ ಬಿಲ ಕಟ್ಟುವಷ್ಟು ಬೆಳೆಯದ ಚಿಕ್ಕ ಗಂಡುಗಳು ಸದ್ದಿಲ್ಲದೆ ನುಗ್ಗಿ ತಮ್ಮ ವೀರ್ಯ ಚೆಲ್ಲಿ ಓಡುತ್ತವೆ. ಮೈಗೆ ಹೋಲಿಸಿದರೆ ಅವುಗಳ ವೃಷಣ ದೊಡ್ಡದು, ಯಾಕೆಂದರೆ ಸಿಗುವುದು ಒಂದೇ ಕ್ಷಣ, ಆಗ ಜಾಸ್ತಿ ಚೆಲ್ಲಬೇಕು. ಮನೆಯಿರುವ ಗಂಡಿನಲ್ಲಿ ಲೋಳೆ ಮಾಡುವ ಗ್ರಂಥಿ ದೊಡ್ಡದು. ಇವತ್ತಿನ ಕಳ್ಳನೇ ಬೆಳೆದ ಮೇಲೆ ಮನೆ ಯಜಮಾನ ಆಗುತ್ತಾನೆ, ಇವು ಎರಡು ಬೇರೆ ಜಾತಿಯ ಗಂಡುಗಳಲ್ಲ.

ಮೊಟ್ಟೆ ಇಟ್ಟ ಮೇಲೆ ಹೆಣ್ಣು ಹೋಗಿಬಿಡುತ್ತದೆ. ಉಳಿದ ಕೆಲಸವೆಲ್ಲ ಅಪ್ಪನದು. ರೆಕ್ಕೆ ಬೀಸಿ ಬೀಸಿ ಹೊಸ ನೀರು ಹಾಯಿಸುತ್ತದೆ, ಮರಿ ಒಡೆಯುವವರೆಗೂ ಕಾಯುತ್ತದೆ.

ಪ್ರಶ್ನೆ: ಇಷ್ಟು ಚಿಕ್ಕ ಮೀನನ್ನು ಹಿಡಿದು ಏನು ಮಾಡುತ್ತಾರೆ? ಮತ್ತೆ, ಹೀಗೆ ಬಿಲದಿಂದಲೇ ಎಳೆದರೆ ಮೊಟ್ಟೆಗಳ ಗತಿ?

ಉತ್ತರ: ಮುಳ್ಳು ಜಾಸ್ತಿ, ಹಾಗಾಗಿ ವೆನಿಸ್ ಹಿನ್ನೀರಿನ ಬುರಾನೊ ದ್ವೀಪದವರು ಇದನ್ನು ಬೇಯಿಸಿ, ಸೋಸಿ, ಆ ರಸದಲ್ಲಿ ಅಕ್ಕಿ ಬೇಯಿಸುತ್ತಾರೆ. ರಿಸೊಟ್ಟೊ ಅಂತ ಕೇಳಿರುತ್ತೀರಿ, ಅದರದೇ ಒಂದು ಬಗೆ.

ನಿಮ್ಮ ಎರಡನೇ ಪ್ರಶ್ನೆ ಸರಿಯಾಗಿದೆ. ವಸಂತದಲ್ಲಿ ಬಿಲದಿಂದ ಹೊರಬಂದ ಮೀನು ಮೊಟ್ಟೆ ಕಾಯುತ್ತಿದ್ದ ಅಪ್ಪನೇ ಆಗಿದ್ದರೆ, ಸೂರಿನ ಮೇಲಿನ ಮೊಟ್ಟೆಗಳಿಗೆ ಆಮೇಲೆ ದಿಕ್ಕಿಲ್ಲ. ಆದರೂ ನನಗೆ ಕೈಯಲ್ಲಿ ಹಿಡಿಯುವವರಿಗಿಂತ ಲಂಗರಿನ ಭಯವೇ ಜಾಸ್ತಿ. ಕೈ ಒಂದು ಮೀನನ್ನು ಒಯ್ಯುತ್ತದೆ. ತಳದಲ್ಲಿ ಎಳೆದಾಡುವ ಲಂಗರು ಹುಲ್ಲನ್ನು ಬೇರುಸಮೇತ ಕಿತ್ತುಹಾಕುತ್ತದೆ, ನೀರು ಕದಡಿದರೆ ಉಳಿದ ಹುಲ್ಲಿಗೆ ಬೆಳಕೂ ಸಿಗುವುದಿಲ್ಲ. ಕೆಸರನ್ನು ಹಿಡಿದಿಟ್ಟಿರುವುದೇ ಆ ಬೇರು. ಬೇರು ಹೋದ ಕಡೆ ಮುಂದಿನ ವಸಂತಕ್ಕೆ ಬಿಲ ತೋಡಲು ಬರುವ ಗಂಡಿಗೆ ಸೂರು ನಿಲ್ಲಿಸುವುದೇ ಕಷ್ಟ.