ಯಕ್ಷಗಾನದ ವಿಡಿಯೋ ಎಡಿಟಿಂಗ್‌ಗೆ 8 ಕೋರ್ ಬೇಕಾ, 6 ಸಾಕಾ?

ಉಪ್ಪಳದಲ್ಲಿ ಸ್ಟುಡಿಯೋ ಇದೆ, ಯಕ್ಷಗಾನ ಮತ್ತು ಮದುವೆ ವಿಡಿಯೋ ಎಡಿಟಿಂಗ್ ಮಾಡುತ್ತೇನೆ, ಕಂಪ್ಯೂಟರಿಗೆ 8 ಕೋರಿನ ಎಎಮ್‌ಡಿ ರೈಜನ್ 7 5700ಎಕ್ಸ್ ಪ್ರೊಸೆಸರ್ ತಗೊಳ್ಳಲಾ, 6 ಕೋರಿನ ಇಂಟೆಲ್ ಐ5-12400 ತಗೊಳ್ಳಲಾ ಎಂದು ಕೇಳಿದ್ದೀರಿ. ಕೋರ್ ಅಂದರೆ ಪ್ರೊಸೆಸರಿನ ಒಳಗೆ ಕೆಲಸ ಮಾಡುವ ಒಂದೊಂದು ಆಳು. ನಾನೂ ಬದಿಯಡ್ಕದಲ್ಲಿ ಇದೇ ಕೆಲಸ ಮಾಡುವವನು. ನಿಮ್ಮಲ್ಲಿ ಪರದೆಗೆ ಚಿತ್ರ ಕೊಡುವ ಗ್ರಾಫಿಕ್ಸ್ ಕಾರ್ಡ್ ಬೇರೆಯಾಗಿ ಇಲ್ಲದಿದ್ದರೆ 12400 ತಗೊಳ್ಳಿ. ಒಳ್ಳೆಯ ಕಾರ್ಡ್ ಇದ್ದರೆ ಮಾತು ಬೇರೆ.

ಅಡಿಕೆ ಸುಲಿಯಲು ಆರು ಜನರ ಬದಲು ಎಂಟು ಜನ ಕೂತರೆ ಬೇಗ ಮುಗಿಯುತ್ತದೆ, ಅಲ್ವಾ? ಆದರೆ ಒಂದು ಮರದ ಗೊನೆ ಇಳಿಸಲು ಎಂಟು ಜನ ಬಂದರೂ ಹತ್ತುವವನು ಒಬ್ಬನೇ. ಉಳಿದವರು ಕೆಳಗೆ ನಿಂತು ಎಲೆ ಜಗಿಯಬೇಕಷ್ಟೇ. ವಿಡಿಯೋ ಎಕ್ಸ್‌ಪೋರ್ಟ್, ಅಂದರೆ ಎಡಿಟ್ ಮುಗಿದ ಮೇಲೆ ಒಂದೇ ಫೈಲಾಗಿ ಹೊರತೆಗೆಯುವುದು, ಸುಲಿಯುವ ಕೆಲಸ. ಫೋಟೋಶಾಪಿನಲ್ಲಿ ಆಲ್ಬಮ್ ಮಾಡುವಾಗ ಜಾಸ್ತಿ ಇರುವುದು ಮರ ಹತ್ತುವ ಕೆಲಸ. ಒಂದೇ ಕೋರಿನ ಓಟದಲ್ಲಿ 12400 ಸ್ವಲ್ಪ ಮುಂದೆ. ಅದರ ಗರಿಷ್ಠ ವೇಗ 4.4 ಗಿಗಾಹರ್ಟ್ಸ್, 5700ಎಕ್ಸ್‌ದು 4.6. ಆದರೂ ಮುಂದೆ! ಗಿಗಾಹರ್ಟ್ಸ್ ಅಂದರೆ ಸೆಕೆಂಡಿಗೆ ಎಷ್ಟು ನೂರು ಕೋಟಿ ಸುತ್ತು ಎಂಬ ಲೆಕ್ಕ; ಒಂದೊಂದು ಸುತ್ತಿನಲ್ಲಿ ಎಷ್ಟು ಕೆಲಸ ಮುಗಿಸುತ್ತದೆ ಎನ್ನುವುದು ಎರಡರಲ್ಲೂ ಬೇರೆ. ಹಾಗಾಗಿ ಗಿಗಾಹರ್ಟ್ಸ್ ನೋಡಿ ಹೋಲಿಸಬೇಡಿ.

ನಮ್ಮ ನಿಜವಾದ ತಲೆನೋವು ಎಕ್ಸ್‌ಪೋರ್ಟ್ ಅಲ್ಲ, ಟೈಮ್‌ಲೈನ್, ಅಂದರೆ ತುಣುಕು ಜೋಡಿಸುತ್ತಾ ಓಡಿಸಿ ನೋಡುವ ಜಾಗ. ರಾತ್ರಿಯಿಡೀ ಆಟ, ಎರಡು ಕ್ಯಾಮೆರಾ. ವೇಷ ಗಿರಗಿರ ತಿರುಗುತ್ತಾ ಧೀಂಗಿಣ ಹಾಕುವಾಗ ಒಂದರಿಂದ ಇನ್ನೊಂದಕ್ಕೆ ಕಟ್ ಮಾಡಬೇಕು. ಸರಿಯಾಗಿ ಅಲ್ಲೇ ಚಿತ್ರ ತಡವರಿಸಿ ನಿಲ್ಲುತ್ತದೆ, ಚೆಂಡೆ ಮಾತ್ರ ಕೇಳುತ್ತಾ ಇರುತ್ತದೆ. ಕ್ಯಾಮೆರಾ ವಿಡಿಯೋವನ್ನು ಎಚ್.264, ಎಚ್.265 ಎಂಬ ರೀತಿಯಲ್ಲಿ ಒತ್ತಿ ಚಿಕ್ಕದು ಮಾಡಿ ಇಡುತ್ತದೆ, ಆ ಫೈಲ್ ಬಿಡಿಸುವುದು ಕೋರ್‌ಗಳಿಗೆ ದೊಡ್ಡ ಹೊರೆ. 12400 ಒಳಗಿನ ಗ್ರಾಫಿಕ್ಸಿನಲ್ಲಿ ಇದಕ್ಕೆಂದೇ ಕ್ವಿಕ್ ಸಿಂಕ್ ಎಂಬ ಭಾಗ ಇದೆ. ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್ ಅದನ್ನು ಬಳಸಿಕೊಳ್ಳುತ್ತದೆ. 5700ಎಕ್ಸ್‌ನಲ್ಲಿ ಗ್ರಾಫಿಕ್ಸೇ ಇಲ್ಲ.

ಇದನ್ನು ನಾನು ಪೆಟ್ಟು ತಿಂದು ಕಲಿತದ್ದು. ಅಣ್ಣನ ಮಗನಿಗೆ ರೈಜನ್ 5 5600 ತಂದು ಜೋಡಿಸಿದೆ. ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು. ರ್‍ಯಾಮ್ ತೆಗೆದೆ, ಹಾಕಿದೆ, ರಬ್ಬರಿನಿಂದ ಉಜ್ಜಿದೆ. ಒಂದು ಗಂಟೆ ಆದ ಮೇಲೆ ಹುಡುಗನೇ ಡಬ್ಬ ಓದಿ, "ಚಿಕ್ಕಪ್ಪಾ, ಇದಕ್ಕೆ ಕಾರ್ಡ್ ಬೇಕಂತೆ" ಅಂದ. ನೀವು 12400 ತಗೊಳ್ಳುವಾಗಲೂ ಕೊನೆಯಲ್ಲಿ 'ಎಫ್' ಇದೆಯಾ ನೋಡಿ. ಎಫ್ ಇದ್ದರೆ ಗ್ರಾಫಿಕ್ಸ್ ಇಲ್ಲ, ಕ್ವಿಕ್ ಸಿಂಕೂ ಇಲ್ಲ.

ಕಾರ್ಡ್ ಇದೆ ಅಂದರೆ ನಾನೂ 5700ಎಕ್ಸ್ ಕಡೆಗೇ. 8 ಕೋರ್, 16 ಥ್ರೆಡ್ (ಒಂದೊಂದು ಕೋರ್ ಒಟ್ಟಿಗೆ ಎರಡು ಕೆಲಸ ಹಿಡಿಯುತ್ತದೆ). ಕಾರ್ಡಿನ ನೆರವಿಲ್ಲದೆ ಎನ್‌ಕೋಡ್ (ವಿಡಿಯೋವನ್ನು ಒತ್ತಿ ಫೈಲ್ ಮಾಡುವುದು) ಮಾಡುವಾಗ ಅದೇ ಬೇಗ. ಆದರೆ ಅದರ ಡಬ್ಬದಲ್ಲಿ ಪ್ರೊಸೆಸರ್ ತಣ್ಣಗಿಡುವ ಕೂಲರ್ ಬರುವುದಿಲ್ಲ, ಆ ದುಡ್ಡನ್ನೂ ಲೆಕ್ಕಕ್ಕೆ ಹಿಡಿಯಿರಿ. ಡಬ್ಬದ 12400 ಜೊತೆ ಕೂಲರ್ ಬರುತ್ತದೆ.

ಇಷ್ಟು ಕೋರ್ ನಮ್ಮ ಕೈಗೆ ಎಟುಕಿದ್ದೇ ಇಂಟೆಲ್, ಎಎಮ್‌ಡಿ ಕಂಪನಿಗಳ ಜಗಳದಿಂದ. 2017ರ ಆರಂಭದಲ್ಲಿ ಇಂಟೆಲಿನ ಐ7-7700ಕೆಗೆ ಇದ್ದದ್ದು 4 ಕೋರ್. ಮಾರ್ಚಿನಲ್ಲಿ ಎಎಮ್‌ಡಿ 8 ಕೋರಿನ ರೈಜನ್ 7 ತಂದಿತು. ಅಕ್ಟೋಬರಿಗೆ ಇಂಟೆಲ್ 6 ಕೋರಿನ 8700ಕೆ ಬಿಟ್ಟಿತು, ಮರುವರ್ಷ 8 ಕೋರಿನ 9900ಕೆ. 2019ರಲ್ಲಿ ಎಎಮ್‌ಡಿಯ 3950ಎಕ್ಸ್ 16ಕ್ಕೆ ಹೋಯಿತು.

ಮಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಇಂಟೆಲಿನ 13, 14ನೇ ಪೀಳಿಗೆಯ ಐ7, ಐ9 ಪ್ರೊಸೆಸರ್ ಕಡಿಮೆಗೆ ಸಿಕ್ಕರೆ ಸುಮ್ನೆ ಹಾರಬೇಡಿ. ಹೆಚ್ಚು ವೋಲ್ಟೇಜ್ ಹೋಗಿ ಅವು ಕೆಡುವ ತೊಂದರೆ 2024ರಲ್ಲಿ ದೊಡ್ಡ ಸುದ್ದಿಯಾಗಿ, ಇಂಟೆಲ್ ವಾರಂಟಿಯನ್ನೇ 2 ವರ್ಷ ಹೆಚ್ಚಿಸಿತು. ಬಯೋಸ್ (ಮದರ್‌ಬೋರ್ಡಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿದರೆ ಮುಂದೆ ಕೆಡದಂತೆ ತಡೆಯಬಹುದು, ಆಗಲೇ ಕೆಟ್ಟದ್ದು ಸರಿಯಾಗುವುದಿಲ್ಲ.

ಹಳೆ ಹಾರ್ಡ್ ಡಿಸ್ಕಿನಿಂದಲೇ ಎಡಿಟ್ ಮಾಡುತ್ತಿದ್ದರೆ ಮೊದಲು ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕಿಸಿ. ಇಲ್ಲದಿದ್ದರೆ ಮೂಗಿಗಿಂತ ಮೂಗುತಿ ಭಾರ. ಯಾವ ಕ್ಯಾಮೆರಾ ಎಂದು ಹೇಳಿದರೆ ಫೈಲ್ ಯಾವ ತರಹದ್ದು ಎಂದು ನೋಡಿ ಇನ್ನೂ ಸರಿಯಾಗಿ ಹೇಳುತ್ತೇನೆ.