ಹಾಟ್ ಟಬ್ಬಲ್ಲಿ ನೊರೆ, ಹೀಟರೂ ನಿಂತುಹೋಗ್ತಿದೆ

ಪ್ರಶ್ನೆ: ನಾವು ಡಲ್ಲಾಸಲ್ಲಿದೀವಿ, ಸೆಕೆಂಡ್ ಹ್ಯಾಂಡ್ ಹಾಟ್ ಟಬ್ (ಬಿಸಿನೀರಲ್ಲಿ ಕೂರೋ ದೊಡ್ಡ ತೊಟ್ಟಿ) ತಗೊಂಡ್ವಿ. ನೀರು ಚಿಮ್ಮಿಸೋ ಜೆಟ್ ಆನ್ ಮಾಡಿದ್ರೆ ನೊರೆ ಉಕ್ಕುತ್ತೆ, ನೀರು ಮಬ್ಬು, ಈಗ ಹೀಟರ್ ಬೇರೆ ಮಧ್ಯೆ ಮಧ್ಯೆ ಆಫ್ ಆಗ್ತಿದೆ. ಭಾನುವಾರ ಎಣ್ಣೆಸ್ನಾನ ಮಾಡಿ ಇಳೀತೀವಿ, ಅದಕ್ಕೇನಾ?

ಉತ್ತರ: ಬಹುಪಾಲು ಅದಕ್ಕೇ. ಸೀಗೆಪುಡಿ ಹಾಕಿ ಎಷ್ಟು ಉಜ್ಜಿದ್ರೂ ಕೂದಲಲ್ಲಿ ಜಿಡ್ಡು ಉಳಿಯುತ್ತೆ, ಅದು, ಶಾಂಪೂ, ಬಟ್ಟೆಯಲ್ಲಿರೋ ಸೋಪು ಎಲ್ಲಾ ಸೇರಿ ನೊರೆ, ಆಮೇಲೆ ಜಿಡ್ಡು ಫಿಲ್ಟರಿಗೆ ಮೆತ್ಕೊಂಡು ನೀರಿನ ಹರಿವು ಕಮ್ಮಿಯಾದ್ರೆ ಹೀಟರ್ ಸುಡಬಾರ್ದು ಅಂತ ತಾನೇ ನಿಲ್ಲುತ್ತೆ. ಫಿಲ್ಟರ್ ಮಡಿಕೆಗಳನ್ನ ಬಿಡಿಸಿ ನೋಡಿ, ಕಂದು ಲೋಳೆ ಕಾಣ್ಬಹುದು. ಬರೀ ಪೈಪಲ್ಲಿ ತೊಳೆದ್ರೆ ಹೋಗಲ್ಲ, ಫಿಲ್ಟರ್ ಕ್ಲೀನರಲ್ಲಿ ರಾತ್ರಿಯಿಡೀ ನೆನೆಸಿಡಿ.

ಕರೆಂಟಿನ ಬ್ರೇಕರ್ ಆಫ್ ಮಾಡಿ ಹಳೇ ನೀರು ಪೂರ್ತಿ ಖಾಲಿ ಮಾಡಿ, ಹೊಸ ನೀರು ತುಂಬಿದ್ಮೇಲೆ ಆನ್ ಮಾಡಿ. ನೊರೆ ಇಳಿಸೋ ಕೆಮಿಕಲ್ ನಂಬ್ಕೊಂಡು ಕೂರ್ಬೇಡಿ ದಯವಿಟ್ಟು, ಅದು ನೊರೆ ಮರೆಮಾಡುತ್ತೆ ಅಷ್ಟೇ, ಜಿಡ್ಡು ತೆಗೆಯಲ್ಲ. ಬಿಸಿ ನೀರಲ್ಲಿ ಕ್ಲೋರಿನ್ (ಕೀಟಾಣು ಕೊಲ್ಲೋ ಕೆಮಿಕಲ್) ಬೇಗ ಕಮ್ಮಿಯಾಗುತ್ತೆ, ಹಾಗಾಗಿ ಇಳಿಯೋ ಮುಂಚೆ ಪ್ರತಿಸಲ ನೀರು ಪರೀಕ್ಷಿಸೋ ಟೆಸ್ಟ್ ಸ್ಟ್ರಿಪ್ ಅದ್ದಿ ನೋಡಿ: ಕ್ಲೋರಿನ್ ಕನಿಷ್ಠ 3 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 3 ಭಾಗ), ಪಿಎಚ್ (ಹುಳಿ-ಕ್ಷಾರದ ಅಳತೆ) 7.2ರಿಂದ 7.8. ಬಿಸಿ 40 ಡಿಗ್ರಿ ಸೆಲ್ಸಿಯಸ್ ದಾಟಿಸ್ಬೇಡಿ, 5 ವರ್ಷದೊಳಗಿನ ಮಕ್ಕಳನ್ನಂತೂ ಇಳಿಸ್ಲೇಬೇಡಿ. ಇಷ್ಟಾದ್ಮೇಲೂ ಹೀಟರ್ ನಿಂತ್ರೆ ಎಲೆಕ್ಟ್ರಿಷಿಯನ್ ಕರೀರಿ, 240 ವೋಲ್ಟ್ ಲೈನ್ ಇರಬಹುದು, ಹೀಟರಿನ ಮುಚ್ಚಳ ನೀವೇ ಬಿಚ್ಬೇಡಿ.