ಊದಿಕೊಂಡ ಡೇಟಾ.ಎಫ್‌ಎಸ್: ಒಡೆಯುವ ಮುಂಚೆ ಏನು ನೋಡಬೇಕು?

ಪ್ರಶ್ನೆ: ನಮ್ಮ ಪೈಥಾನ್ ಅಪ್ಲಿಕೇಶನ್ನಿನ ಜೆಡ್‌ಒಡಿಬಿ (ಪೈಥಾನ್ ಆಬ್ಜೆಕ್ಟುಗಳನ್ನು ಹಾಗೇ ಉಳಿಸಿಡುವ ಡೇಟಾಬೇಸ್) ಪೂರ್ತಿ ಒಂದೇ ಡೇಟಾ.ಎಫ್‌ಎಸ್ ಫೈಲಿನಲ್ಲಿದೆ. ಪಿಡಿಎಫ್, ಫೋಟೊ, ಲಾಗಿನ್ ಸೆಷನ್ ಎಲ್ಲವೂ ಅದರಲ್ಲೇ. ಈಗ 60 ಜಿಬಿ ದಾಟಿದೆ, ಬ್ಯಾಕಪ್ ಮುಗಿಯುವುದೇ ಇಲ್ಲ. ನಾಲ್ಕೈದು ಫೈಲುಗಳಿಗೆ ಹಂಚುವುದು ಹೇಗೆ?

ಉತ್ತರ: ಹಂಚಬಹುದು. ಆದರೆ ಆ 60 ಜಿಬಿಯಲ್ಲಿ ಬಳಕೆಯಲ್ಲಿರುವುದು ಎಷ್ಟು ಅಂತ ಮೊದಲು ನೋಡಿ. ಡೇಟಾ.ಎಫ್‌ಎಸ್‌ಗೆ ಬರೆಯುವ ಫೈಲ್‌ಸ್ಟೋರೇಜ್ ಹಳೆಯದರ ಮೇಲೆ ಬರೆಯುವುದಿಲ್ಲ, ಪ್ರತಿ ಟ್ರಾನ್ಸಾಕ್ಷನ್ನನ್ನೂ (ಒಟ್ಟಿಗೆ ಉಳಿಸುವ ಬದಲಾವಣೆಗಳನ್ನು) ಫೈಲಿನ ಕೊನೆಗೆ ಸೇರಿಸುತ್ತದೆ. ಒಂದು ಕೌಂಟರನ್ನು ಸಾವಿರ ಸಲ ಬದಲಿಸಿದರೆ ಸಾವಿರ ಪ್ರತಿ ಉಳಿಯುತ್ತವೆ. ಅವು ಹೋಗುವುದು ಪ್ಯಾಕ್ (ಹಳೆಯ ಪ್ರತಿಗಳನ್ನೂ ದಾರಿ ಇಲ್ಲದ ಆಬ್ಜೆಕ್ಟುಗಳನ್ನೂ ತೆಗೆಯುವ ಕೆಲಸ) ಮಾಡಿದಾಗಲೇ. ಪ್ಯಾಕ್ ಹೊಸ ಫೈಲು ಬರೆದು ಹಳೆಯದನ್ನು ‘.ಓಲ್ಡ್’ ಹೆಸರಲ್ಲಿ ಇಟ್ಟುಕೊಳ್ಳುತ್ತದೆ. ಹಾಗಾಗಿ ಡಿಸ್ಕಿನಲ್ಲಿ ಜಾಗ ಇರಲಿ.

ಆಮೇಲೆ ಪಿಡಿಎಫ್, ಫೋಟೊಗಳನ್ನು ಬ್ಲಾಬ್ (ದೊಡ್ಡ ಬೈನರಿ ಡೇಟಾ) ಆಗಿ ಮಾಡಿ. ಆಗ ಒಂದೊಂದೂ ಬ್ಲಾಬ್ ಡೈರೆಕ್ಟರಿಯಲ್ಲಿ ಬೇರೆ ಫೈಲಾಗಿ ಕೂರುತ್ತದೆ. ಸೆಟ್ಟಿಂಗ್ ಬದಲಿಸಿದ ಮಾತ್ರಕ್ಕೆ ಹಳೆಯವು ಹೊರಗೆ ಬರಲ್ಲ, ಒಂದೊಂದನ್ನೇ ಓದಿ ಬ್ಲಾಬಿಗೆ ಬರೆಯುವ ಸ್ಕ್ರಿಪ್ಟ್ ಬೇಕು. ಬಹಳಷ್ಟು ಕಡೆ ಸಮಸ್ಯೆ ಇಲ್ಲಿಗೇ ಮುಗಿಯುತ್ತದೆ.

ಇನ್ನೂ ಒಡೆಯಲೇಬೇಕು ಅಂದರೆ ಗಾತ್ರ ನೋಡಿ ಒಡೆಯಬೇಡಿ, ಎಷ್ಟು ಬೇಗ ಬದಲಾಗುತ್ತದೆ ಅಂತ ನೋಡಿ. ಸೆಷನ್‌ಗಳು ನಿಮಿಷಕ್ಕೊಮ್ಮೆ ಬದಲಾಗುತ್ತವೆ, ಕಳೆದುಹೋದರೂ ಜನ ಮತ್ತೆ ಲಾಗಿನ್ ಆಗ್ತಾರೆ ಅಷ್ಟೇ. ಅವಕ್ಕೆ ಬೇರೆ ಡೇಟಾಬೇಸ್ ಕೊಡಿ. ಎರಡು ಡಿಬಿ ತೆರೆಯುವಾಗಲೂ ಒಂದೇ ‘ಡೇಟಾಬೇಸಸ್’ ಡಿಕ್ಷನರಿ ಕೊಟ್ಟು, ಹೆಸರು ಮಾತ್ರ ಬೇರೆ ಇಡಿ. ಒಂದರ ಕನೆಕ್ಷನ್ನಿನಿಂದ ‘ಗೆಟ್_ಕನೆಕ್ಷನ್’ ಮೂಲಕ ಇನ್ನೊಂದನ್ನು ಹಿಡಿಯಬಹುದು. ಒಂದೇ ಕಮಿಟ್ (ಬದಲಾವಣೆ ಉಳಿಸುವ ಹೆಜ್ಜೆ) ಎರಡಕ್ಕೂ ಅನ್ವಯಿಸುತ್ತದೆ. ಕ್ಯಾಶ್ (ಮೆಮೊರಿಯಲ್ಲಿ ಇಟ್ಟುಕೊಳ್ಳುವ ಆಬ್ಜೆಕ್ಟುಗಳು) ಕೂಡ ಬೇರೆ ಬೇರೆ, ಇದು ಸಣ್ಣ ಲಾಭ ಅಲ್ಲ.

ತೊಂದರೆ ಇರುವುದು ಎರಡರ ನಡುವಿನ ಕೊಂಡಿಗಳಲ್ಲಿ. ಡೇಟಾಬೇಸ್ ‘ಎ’ಯ ಒಂದು ಆಬ್ಜೆಕ್ಟ್ ‘ಬಿ’ಯಲ್ಲಿರುವ ಬಿಲ್ಲನ್ನು ತೋರಿಸುತ್ತಿದೆ ಅಂತಿಟ್ಟುಕೊಳ್ಳಿ. ‘ಬಿ’ಯೊಳಗೆ ಆ ಬಿಲ್ಲಿಗೆ ಯಾವ ದಾರಿಯೂ ಇಲ್ಲ. ‘ಬಿ’ಯನ್ನು ಪ್ಯಾಕ್ ಮಾಡಿದರೆ ಅದು ಕಸ ಅಂತ ಹೋಗಿಬಿಡುತ್ತದೆ, ಏಕೆಂದರೆ ಪ್ಯಾಕ್ ತನ್ನ ಫೈಲನ್ನಷ್ಟೇ ನೋಡುತ್ತದೆ. ಎಷ್ಟೋ ದಿನದ ಮೇಲೆ ‘ಎ’ಯಿಂದ ತೆರೆದಾಗ ಆಬ್ಜೆಕ್ಟ್ ಸಿಗಲಿಲ್ಲ ಅನ್ನುವ ‘ಪಾಸ್‌ಕೀ‌ಎರರ್’! ಇಂಥ ಕೊಂಡಿ ಬೇಡ ಅಂದರೆ ಡಿಬಿ ತೆರೆಯುವಾಗ ‘ಎಕ್ಸ್‌ರೆಫ್ಸ್’ ಅನ್ನು ಫಾಲ್ಸ್ ಮಾಡಿ. ಬೇಕೇ ಬೇಕು ಅಂದರೆ ‘ಪ್ಯಾಕ್-ಜಿಸಿ’ (ಪ್ಯಾಕ್ ವೇಳೆ ಕಸ ತೆಗೆಯುವ ಸೆಟ್ಟಿಂಗ್) ಆಫ್ ಮಾಡಿ, ಎಲ್ಲ ಡೇಟಾಬೇಸುಗಳನ್ನೂ ಒಟ್ಟಿಗೆ ನೋಡುವ ಪ್ಯಾಕೇಜ್ ‘ಜೆಡ್‌ಸಿ.ಜೆಡ್‌ಒಡಿಬಿಡಿಜಿಸಿ’ಯಿಂದ ಕಸ ತೆಗೆಸಿ. ನನ್ನ ಕೇಳಿದರೆ, ಕೊಂಡಿ ಜಾಸ್ತಿ ಇರುವ ಡೇಟಾವನ್ನು ಸುಮ್ನೆ ಒಂದೇ ಕಡೆ ಬಿಡಿ.

ಬ್ಯಾಕಪ್‌ಗೆ ‘ರೆಪೋಜೋ’ ಅನ್ನುವ ಬ್ಯಾಕಪ್ ಸ್ಕ್ರಿಪ್ಟ್ ಬಳಸಿ. ಕಳೆದ ಸಲದ ನಂತರ ಸೇರಿದ ಭಾಗವನ್ನಷ್ಟೇ ಅದು ನಕಲು ಮಾಡುತ್ತದೆ, ಪ್ಯಾಕ್ ಆದ ಮೇಲೆ ಮಾತ್ರ ಪೂರ್ತಿ ತೆಗೆದುಕೊಳ್ಳುತ್ತದೆ. ಮೊದಲು ಡೇಟಾ.ಎಫ್‌ಎಸ್, ಆಮೇಲೆ ಬ್ಲಾಬ್ ಡೈರೆಕ್ಟರಿ. ಉಲ್ಟಾ ಮಾಡಿದರೆ ನಡುವೆ ಬಂದ ಬ್ಲಾಬ್‌ಗಳ ಹೆಸರು ಇರುತ್ತದೆ, ಫೈಲು ಇರಲ್ಲ. ಎರಡೂ ಮುಗಿಯುವ ತನಕ ಪ್ಯಾಕ್ ನಡೆಯದಂತೆ ನೋಡಿಕೊಳ್ಳಿ.